ಬಾರ್ಸಿಲೋನಾದಲ್ಲಿ ಕಡಿಮೆ ಖರ್ಚಿಗೆ ಸ್ಪ್ಯಾನಿಷ್: ಯಾವ ಕ್ಲಾಸಿಗೆ ಸೇರೋದು?

ಮೀನುಪೇಟೆ (ಪ್ರಶ್ನೆ)

ಬಾರ್ಸಿಲೋನಾ ವಾಸ, ಡಿಪೆಂಡೆಂಟ್ ಪರವಾನಗಿ, ಎನ್‌ಐಇ (ವಿದೇಶಿಯರ ಗುರುತಿನ) ನಂಬರ್ ಕೈಗೆ ಬಂದಿದೆ. ಸ್ಪ್ಯಾನಿಷ್ ಸೊನ್ನೆ. ತಿಂಗಳಿಗೆ 80 ಯೂರೋ ದಾಟೋ ಹಾಗಿಲ್ಲ. ಖಾಸಗಿ ಅಕಾಡೆಮಿಯೊಂದು 12 ವಾರದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುತ್ತಿದೆ. ಆನ್‌ಲೈನಿನಲ್ಲಿ ಗಂಟೆಗೆ 8 ಯೂರೋಗೂ ಟೀಚರ್ ಇದ್ದಾರೆ, 30ಕ್ಕೂ ಇದ್ದಾರೆ. ಸರ್ಕಾರಿ ಕ್ಲಾಸುಗಳೂ ಇವೆಯಂತೆ. ಒಂದು ವರ್ಷದಲ್ಲಿ ಎ2, ಅಂದರೆ ದಿನನಿತ್ಯದ ಸರಳ ಮಾತಿನ ಮಟ್ಟ ಮುಟ್ಟಬೇಕು. ಎಲ್ಲಿಂದ ಶುರು ಮಾಡಲಿ?

ರಾಂಬ್ಲಾ_ರಾಯರು

ಮೊದಲು ಎಂಪಾದ್ರೋನಾಮಿಯೆಂತೊ, ಅಂದರೆ ನಗರಸಭೆಯ ನಿವಾಸಿ ಪಟ್ಟಿಯಲ್ಲಿ ಹೆಸರು ಬರೆಸಿ. ಇದಕ್ಕೆ ಶುಲ್ಕ ಇಲ್ಲ. ಪಾಸ್‌ಪೋರ್ಟ್, ಬಾಡಿಗೆ ಕರಾರು ಬೇಕು. ಕರಾರು ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಯಾರ ಹೆಸರಲ್ಲಿದೆಯೋ ಅವರ ಒಪ್ಪಿಗೆ ಪತ್ರ ಬೇಕು. ಹೆಚ್ಚಿನವರು ಮುಗ್ಗರಿಸೋದು ಇಲ್ಲೇ. ಅಗ್ಗದ ಕ್ಲಾಸುಗಳಲ್ಲಿ ಬಹುಪಾಲು ಈ ಕಾಗದ ಕೇಳುತ್ತವೆ.

ಸರ್ಕಾರಿ ದಾರಿ ಎರಡು. ಒಂದು, ವಯಸ್ಕರ ಶಿಕ್ಷಣ ಕೇಂದ್ರ. ಇಲ್ಲಿನ ಪ್ರಾದೇಶಿಕ ಭಾಷೆಯಾದ ಕತಲಾನ್‌ನಲ್ಲಿ ಬೋರ್ಡಿನ ಮೇಲೆ ಸೆಂತ್ರೆ ದೆ ಫೊರ್ಮಾಸಿಯೊ ದಾದುಲ್ತ್ಸ್ ಅಂತಿರುತ್ತೆ. ಇಲ್ಲಿ ಆರಂಭದ ಹಂತದ ಸ್ಪ್ಯಾನಿಷ್ ಉಚಿತ ಅಥವಾ ಹೆಚ್ಚುಕಡಿಮೆ ಉಚಿತ. ಎರಡು, ಎಸ್ಕುಯೆಲಾ ಒಫಿಸಿಯಾಲ್ ದೆ ಇದಿಯೋಮಾಸ್, ಅಂದರೆ ಸರ್ಕಾರಿ ಭಾಷಾ ಶಾಲೆ, ಎಲ್ಲರೂ ಇಒಐ ಅಂತಾರೆ. ಬಾರ್ಸಿಲೋನಾದ ದೊಡ್ಡ ಇಒಐ ಇರೋದು ದ್ರಸಾನೆಸ್‌ನಲ್ಲಿ. ಇಲ್ಲಿ ಫೀಸು ಕಟ್ಟಬೇಕು, ಆದರೆ ಇಡೀ ಕೋರ್ಸಿನ ಫೀಸನ್ನು ಗಂಟೆಗಳಿಗೆ ಹಂಚಿ ನೋಡಿದರೆ ಖಾಸಗಿಯವರು ಹತ್ತಿರಕ್ಕೂ ಬರಲ್ಲ. ತೊಂದರೆ ಇರೋದು ಸೀಟಿನದ್ದು. ಮುಂಗಡ ನೋಂದಣಿಗೆ ಕೆಲವೇ ದಿನ ಬಾಗಿಲು ತೆರೆದಿರುತ್ತೆ, ಆ ದಿನಾಂಕ ತಪ್ಪಿದರೆ ಮುಂದಿನ ಸರದಿವರೆಗೆ ಕಾಯಬೇಕು. ವೆಬ್‌ಸೈಟನ್ನು ಆಗಸ್ಟ್ ಕೊನೆಯಿಂದಲೇ ನೋಡುತ್ತಿರಿ, ಜನವರಿಯಲ್ಲಿ ಮತ್ತೊಮ್ಮೆ ನೋಡಿ. ನೀವು ಸೊನ್ನೆಯಿಂದ ಶುರು ಮಾಡೋದರಿಂದ ಹಂತ ಪರೀಕ್ಷೆಯ ಗೊಡವೆ ಇಲ್ಲ. ಸೀಟು ಸಿಕ್ಕ ಮೇಲೆ ಮೊದಲ ವಾರದ ಕ್ಲಾಸ್ ಮಾತ್ರ ತಪ್ಪಿಸಬೇಡಿ, ಖಾಲಿ ಕಂಡ ಜಾಗವನ್ನು ಕಾಯುವ ಪಟ್ಟಿಯವರಿಗೆ ಕೊಟ್ಟುಬಿಡೋದುಂಟು.

ಇನ್ನೊಂದು ಎಚ್ಚರಿಕೆ. 'ಉಚಿತ ಭಾಷಾ ತರಗತಿ' ಅಂತ ಬೋರ್ಡ್ ಕಂಡ ಕೂಡಲೇ ಹೆಸರು ಕೊಡಬೇಡಿ, ಅದು ಕತಲಾನ್ ಕ್ಲಾಸ್ ಇರಬಹುದು. ಕೊನ್ಸೋರ್ಸಿ ಪೆರ್ ಲಾ ನೊರ್ಮಲಿತ್ಸಾಸಿಯೊ ಲಿಂಗ್ವಿಸ್ತಿಕಾ ಅನ್ನೋ ಸಂಸ್ಥೆ ಕಲಿಸೋದು ಕತಲಾನ್. ಕಲಿತರೆ ಒಳ್ಳೇದೇ, ಆದರೆ ಎರಡನ್ನೂ ಸೊನ್ನೆಯಿಂದ ಒಟ್ಟಿಗೆ ಹಿಡಿದರೆ ಕಲಸುಮೇಲೋಗರ ಆಗುತ್ತೆ. ಸ್ಪ್ಯಾನಿಷ್ ಬೇಕಿದ್ದರೆ 'ಕಸ್ತೆಯಾನೊ' ಅಥವಾ 'ಕಸ್ತೆಯಾ' ಅನ್ನೋ ಪದ ಹುಡುಕಿ.

ಲೆಕ್ಕದ_ಪುಸ್ತಕ

ಅಕಾಡೆಮಿ ಪ್ಯಾಕೇಜಿಗೆ ಸಹಿ ಹಾಕೋ ಮೊದಲು ನಾಲ್ಕು ಪ್ರಶ್ನೆ ಕೇಳಿ: ಒಂದು ಪೀರಿಯಡ್ ಎಷ್ಟು ನಿಮಿಷ, ಕ್ಲಾಸಲ್ಲಿ ಹೆಚ್ಚೆಂದರೆ ಎಷ್ಟು ಜನ, ನೋಂದಣಿ ಶುಲ್ಕ ಮತ್ತು ಪುಸ್ತಕ ಸೇರಿದೆಯೇ, ನಡುವೆ ಬಿಟ್ಟರೆ ಎಷ್ಟು ವಾಪಸ್.

ಮೊದಲನೆಯದನ್ನು ಯಾರೂ ಕೇಳಲ್ಲ, ದುಡ್ಡು ಸೋರೋದು ಅಲ್ಲೇ. ವಾರಕ್ಕೆ 20 ಪೀರಿಯಡ್, 180 ಯೂರೋ ಅನ್ನಿ. ಗಂಟೆಗೆ 9 ಅಂತ ಕಾಣುತ್ತೆ. ಪೀರಿಯಡ್ 45 ನಿಮಿಷದ್ದಾದರೆ ಸಿಗೋದು 15 ಗಂಟೆ, ಬೆಲೆ ಗಂಟೆಗೆ 12 ಆಯ್ತು. ವಾರಕ್ಕೆ 20 ಗಂಟೆಯ ಕೋರ್ಸುಗಳು ಸ್ಟೂಡೆಂಟ್ ವೀಸಾದವರನ್ನು ನೋಡಿಕೊಂಡು ಹೊಂದಿಸಿದವು, ನಿಮ್ಮ ಪರವಾನಗಿಗೆ ಅದರ ಅಗತ್ಯವೇ ಇಲ್ಲ.

ಇದಕ್ಕಿಂತ ಮುಖ್ಯ, ಬಾಯಿ ತೆರೆಯೋ ನಿಮಿಷಗಳ ಲೆಕ್ಕ. 90 ನಿಮಿಷದ ಕ್ಲಾಸು, 15 ಜನ, ಅರ್ಧ ಹೊತ್ತು ಮೇಷ್ಟ್ರೇ ಮಾತಾಡಿದರೆ ತಲೆಗೆ ಉಳಿಯೋದು 3 ನಿಮಿಷ. ಒಬ್ಬರಿಗೊಬ್ಬರು ಕೂತ ಅರ್ಧ ಗಂಟೆಯಲ್ಲಿ 15 ನಿಮಿಷಕ್ಕೆ ಮೋಸ ಇಲ್ಲ. ಹಾಗಂತ ಬರೀ ಆನ್‌ಲೈನ್ ಟೀಚರ್ ನೆಚ್ಚಿಕೊಂಡರೆ ವ್ಯಾಕರಣ ತೂತು ಬೀಳುತ್ತೆ, ದಿನಾ ಹರಟೆ ಹೊಡೆದು ಆರು ತಿಂಗಳಾದರೂ ಭೂತಕಾಲ ಬರಲ್ಲ. ನನ್ನ ಲೆಕ್ಕದಲ್ಲಿ ಚೌಕಟ್ಟಿಗೆ ಸರ್ಕಾರಿ ಕ್ಲಾಸು, ಬಾಯಿಗೆ ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆಯ ಖಾಸಗಿ ಪಾಠ. ಗಂಟೆಗೆ 12 ಯೂರೋ ಹಿಡಿದರೂ ತಿಂಗಳಿಗೆ 50ರ ಆಸುಪಾಸು. ಎ2ಗೆ ಸಾಮಾನ್ಯವಾಗಿ 180ರಿಂದ 200 ಗಂಟೆ ಪಾಠ ಅಂತಾರೆ, ವರ್ಷದಲ್ಲಿ ಆಗೋ ಕೆಲಸವೇ.

ಒತ್ತಕ್ಷರ

ಹೇಳಿಕೊಡುವವರು ಇಂಗ್ಲಿಷ್ ಮೂಲಕ ಕಲಿಸಿದರೆ ಅದನ್ನು ತಲೆಯಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳಿ, ಎಷ್ಟೋ ಗಂಟೆಯ ಫೀಸು ಉಳಿಯುತ್ತೆ. 'ಮೆ ಗುಸ್ತಾ ಎಲ್ ಕಫೆ' ವಿವರಿಸೋಕೆ ಇಂಗ್ಲಿಷಿನವರಿಗೆ ಒಂದು ಇಡೀ ಪಾಠ ಬೇಕು. ನಮಗೆ ಅದು ನೇರವಾಗಿ 'ನನಗೆ ಕಾಫಿ ಇಷ್ಟ'. ವಸ್ತು ಬಹುವಚನವಾದರೆ ಗುಸ್ತಾ ಹೋಗಿ ಗುಸ್ತಾನ್ ಆಗುತ್ತೆ, ಅಷ್ಟೇ.

ಸೆರ್, ಎಸ್ತಾರ್ ಅನ್ನೋ ಎರಡು 'ಇರು' ಎಲ್ಲರಿಗೂ ತಲೆನೋವು. ಕನ್ನಡದಲ್ಲಿ ಒಂದು ಗುರುತು ಸಿಗುತ್ತೆ. 'ಅವನು ಡಾಕ್ಟರ್' ಅಂದಾಗ ಕ್ರಿಯಾಪದವೇ ಬೇಡ, ಅಲ್ಲಿ ಸೆರ್: 'ಎಸ್ ಮೇದಿಕೊ'. 'ಮನೆಯಲ್ಲಿದ್ದಾನೆ', 'ಸೂಪು ತಣ್ಣಗಿದೆ' ಅಂದಾಗ 'ಇದೆ' ಬಂತು, ಅಲ್ಲಿ ಎಸ್ತಾರ್: 'ಎಸ್ತಾ ಎನ್ ಕಾಸಾ', 'ಲಾ ಸೋಪಾ ಎಸ್ತಾ ಫ್ರೀಯಾ'. ಈ ಗುರುತು ಎಲ್ಲ ಕಡೆ ನಡೆಯಲ್ಲ. 'ಎತ್ತರ ಇದ್ದಾನೆ' ಅನ್ನೋದಕ್ಕೆ ಸೆರ್ ಬೇಕು, ಪಾರ್ಟಿ ಎಲ್ಲಿ ಅಂತ ಹೇಳೋದಕ್ಕೂ ಸೆರ್. ಆದರೂ ಮುಕ್ಕಾಲು ಪಾಲು ದಡ ಮುಟ್ಟಿಸುತ್ತೆ.

ಉಚ್ಚಾರಕ್ಕೆ ದುಡ್ಡು ಖರ್ಚು ಮಾಡಬೇಡಿ. ಅವರ ತ, ಪ, ಕ ನಮ್ಮವೇ, ಸ್ವರಗಳೂ ನಮ್ಮವೇ. ಟೀಚರ್ ಸಮಯ ಹಿಡಿಯಬೇಕಾದ್ದು ಲಿಂಗಕ್ಕೆ. ನಮ್ಮ ಮೇಜು, ಕುರ್ಚಿ ಎಲ್ಲ ನಪುಂಸಕ, ಅಲ್ಲಿ 'ಲಾ ಮೇಸಾ' ಹೆಣ್ಣು. ಪದವನ್ನು ಎಲ್ (ಗಂಡು) ಅಥವಾ ಲಾ (ಹೆಣ್ಣು) ಸಮೇತ ಬಾಯಿಪಾಠ ಮಾಡದಿದ್ದರೆ ಆಮೇಲೆ ತಿದ್ದೋದು ಕಷ್ಟ. 'ಎಲ್ ಪ್ರೊಬ್ಲೇಮಾ' (ಸಮಸ್ಯೆ), 'ಲಾ ಮಾನೊ' (ಕೈ) ಥರದವು 'ಆ' ಕೊನೆ ಹೆಣ್ಣು, 'ಒ' ಕೊನೆ ಗಂಡು ಅಂತ ನಂಬಿದವರನ್ನು ಬೀಳಿಸುತ್ತವೆ.

ಮೀನುಪೇಟೆ

8 ಯೂರೋದ ಟೀಚರ್‌ಗಳು ಹೆಚ್ಚಾಗಿ ಕೊಲಂಬಿಯಾ, ಮೆಕ್ಸಿಕೋದವರು. ಬಾರ್ಸಿಲೋನಾಗೆ ಅವರ ಭಾಷೆ ನಡೆಯುತ್ತಾ? ಮುಂದೆ ಪರೀಕ್ಷೆ ಬರೆಯೋದಾದರೆ?

ಲೆಕ್ಕದ_ಪುಸ್ತಕ

ಧಾರಾಳವಾಗಿ ನಡೆಯುತ್ತೆ. ಮೂರು ವ್ಯತ್ಯಾಸ ಗೊತ್ತಿದ್ದರೆ ಸಾಕು. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ 'ನೀವು' ಅನ್ನೋಕೆ 'ವೊಸೋತ್ರೋಸ್', ಅವರು ಅದನ್ನು ಬಳಸದೆ 'ಉಸ್ತೇದೆಸ್' ಅಂತಾರೆ. ಹಾಗಾಗಿ ವೊಸೋತ್ರೋಸ್ ರೂಪಗಳನ್ನೂ ಹೇಳಿಕೊಡಿ ಅಂತ ಮೊದಲ ದಿನವೇ ಕೇಳಿ. ಪದಗಳೂ ಬೇರೆ: ಮೊಬೈಲು ಇಲ್ಲಿ 'ಮೋವಿಲ್', ಅಲ್ಲಿ 'ಸೆಲುಲಾರ್'. ಬಸ್ ಹಿಡಿಯೋದಕ್ಕೆ ಸ್ಪೇನಿನಲ್ಲಿ ದಿನಾ ಹೇಳೋ 'ಕೊಹೇರ್' ಮೆಕ್ಸಿಕೋದಲ್ಲಿ ಅಶ್ಲೀಲ ಪದ, ಟೀಚರ್ ನಕ್ಕರೆ ಕಾರಣ ಅದೇ.

ಪರೀಕ್ಷೆ ಅಂದರೆ ಡೆಲೆ, ಸ್ಪ್ಯಾನಿಷ್‌ನ ಅಧಿಕೃತ ಸರ್ಟಿಫಿಕೇಟ್ ಪರೀಕ್ಷೆ. ಎ2ನಲ್ಲಿ ಓದು–ಬರಹ ಒಂದು ಗುಂಪು, ಕೇಳುವಿಕೆ–ಮಾತು ಇನ್ನೊಂದು, ಪ್ರತಿ ಗುಂಪಿನಲ್ಲೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ 48 ತೆಗೆದು ಇನ್ನೊಂದರಲ್ಲಿ 28 ಬಂದರೆ ಫೇಲ್. ಡೆಲೆ ಸರ್ಟಿಫಿಕೇಟಿಗೆ ಅವಧಿ ಮುಗಿಯೋದಿಲ್ಲ, ಸಿಯೆಲೆ ಅನ್ನೋ ಇನ್ನೊಂದು ಪರೀಕ್ಷೆಯದ್ದು 5 ವರ್ಷಕ್ಕೆ ಮುಗಿಯುತ್ತೆ. ಪೌರತ್ವ ಬೇಕೆಂದಿದ್ದರೆ ಕೇಳೋದು ಡೆಲೆ, ಆದರೆ ಭಾರತೀಯರಿಗೆ ಸಾಮಾನ್ಯ ನಿಯಮ 10 ವರ್ಷದ ವಾಸ, ಈಗಲೇ ಆ ಫೀಸು ಕಟ್ಟೋ ಅವಸರ ಇಲ್ಲ.

ಟೀಚರ್ ಆರಿಸೋಕೆ ಮೂವರ ಹತ್ತಿರ ಟ್ರಯಲ್ ಪಾಠ ತಗೊಳ್ಳಿ. ಮೂವರಿಗೂ ಒಂದೇ ಕೆಲಸ ಕೊಡಿ: 'ಡಾಕ್ಟರ್ ಅಪಾಯಿಂಟ್‌ಮೆಂಟ್ ಫೋನಲ್ಲಿ ಕೇಳೋದು ಕಲಿಸಿ'. ನಿಮ್ಮ ತಪ್ಪನ್ನು ಚಾಟ್ ಬಾಕ್ಸಿನಲ್ಲಿ ಬರೆದಿಟ್ಟು ಕೊನೆಯಲ್ಲಿ ಮತ್ತೆ ನಿಮ್ಮಿಂದಲೇ ಹೇಳಿಸಿದವರನ್ನು ಹಿಡಿಯಿರಿ. ಅರ್ಧ ಗಂಟೆಯೂ ತಮ್ಮ ಊರಿನ ವರ್ಣನೆ ಮಾಡಿದವರನ್ನು ಬಿಡಿ, 8 ಯೂರೋ ಆದರೂ. ಮೊದಲ ತಿಂಗಳು ಪ್ಯಾಕೇಜ್ ಬೇಡ, ಬಿಡಿ ಪಾಠ ಸಾಕು. ದುಡ್ಡನ್ನು ಸ್ಪೇನಿನ ಕಾರ್ಡಿನಿಂದಲೇ ಕಟ್ಟಿ, ಭಾರತದ ಕಾರ್ಡು ಬಳಸಿದರೆ ವಿದೇಶಿ ವಿನಿಮಯದ ಶುಲ್ಕ ಪ್ರತಿ ಪಾಠಕ್ಕೂ ಕಚ್ಚುತ್ತೆ.