ಸಹಾಯ ಬೇಕು: ಸ್ಲಾವಿಯಾಗೆ ವರ್ಟಸ್‌ನ ಹಿಂದಿನ ಶಾಕ್ ಅಬ್ಸಾರ್ಬರ್ ಹಾಕಬಹುದೇ?

ಎಲ್ಲರಿಗೂ ನಮಸ್ಕಾರ. ಗಾಡಿ ಸ್ಕೋಡಾ ಸ್ಲಾವಿಯಾ, 1.0 ಟಿಎಸ್‌ಐ ಮ್ಯಾನುಯಲ್. ಹಿಂದಿನ ಶಾಕ್ ಅಬ್ಸಾರ್ಬರ್ ಒಂದರಿಂದ ಎಣ್ಣೆ ಸೋರುತ್ತಿದೆ, ಹಾಗಾಗಿ ಜೋಡಿಯನ್ನೇ ಬದಲಿಸಬೇಕು. ಅಂಗಡಿಯಲ್ಲಿ ಸಿಗುತ್ತಿರುವುದು ಫೋಕ್ಸ್‌ವ್ಯಾಗನ್ ವರ್ಟಸ್‌ನದು ಮಾತ್ರ.

ಎರಡಕ್ಕೂ ಎಂಕ್ಯೂಬಿ ಎ0 ಐಎನ್ ಪ್ಲಾಟ್‌ಫಾರ್ಮ್ (ಅಂದರೆ ಗಾಡಿಯ ತಳದ ರಚನೆ ಒಂದೇ), ವೀಲ್‌ಬೇಸ್ 2651 ಮಿ.ಮೀ., ಎಂಜಿನ್ ಕೂಡ ಒಂದೇ. ಬಂಪರ್, ಬಾನೆಟ್, ಹೆಡ್‌ಲ್ಯಾಂಪ್ ಬೇರೆ ಬೇರೆ. ಬ್ರ್ಯಾಂಡಿನ ಗುರುತು ಇರುವುದೇ ಅಲ್ಲಿ. ತೊಡಕು ಸಸ್ಪೆನ್ಷನ್‌ನದು. ಬೋಲ್ಟ್ ಸರಿಯಾಗಿ ಕೂತರೂ ಡ್ಯಾಂಪಿಂಗ್ (ಸ್ಪ್ರಿಂಗಿನ ಕುಲುಕಾಟ ತಡೆಯುವ ಬಿಗಿ) ಬೇರೆಯಿದ್ದರೆ ಹಳೇ ಸ್ಪ್ರಿಂಗ್ ಜತೆ ಹೊಂದದೆ ಹಿಂಭಾಗ ಕುಲುಕುತ್ತದೆ. ಪಾರ್ಟ್ ನಂಬರಿನ ಮೊದಲ ಒಂಬತ್ತು ಸ್ಥಾನ ಹೊಂದಿದರೆ ಸಾಲದು, ಕೊನೆಯ ಅಕ್ಷರವೂ ಮುಖ್ಯ.

ಕ್ಯಾಟಲಾಗ್ ನೋಡಬಲ್ಲವರು ದಯವಿಟ್ಟು ಎರಡೂ ಗಾಡಿಗಳ ಪೂರ್ತಿ ನಂಬರ್ ಮತ್ತು ಸ್ಪ್ರಿಂಗಿನ ಬಣ್ಣದ ಗುರುತು (ಅದು ಯಾವ ಬಗೆಯದೆಂದು ತೋರಿಸುವ ಬಣ್ಣ) ತಿಳಿಸಿ. ಚಾಸಿ ನಂಬರ್ ಬೇಕಿದ್ದರೆ ಮೆಸೇಜ್‌ನಲ್ಲಿ ಕಳಿಸುತ್ತೇನೆ.