ಓದುಗರ ಸ್ಪಂದನ: ಎಲ್‌ಕೆಜಿ ಮಗುವಿಗೆ ಕಂಪ್ಯೂಟರ್ ಕ್ಲಾಸ್ ಬೇಕೇ?

ಸುರತ್ಕಲ್‌ನ ತಾಯಿಯೊಬ್ಬರ ಸಮಸ್ಯೆಯನ್ನು ಕಳೆದ ವಾರ ಪ್ರಕಟಿಸಿದ್ದೆವು. ಮಗನಿಗೆ ನಾಲ್ಕೂವರೆ ವರ್ಷ. ಮಳೆಗೆ ಹೊರಗೆ ಬಿಡುವಂತಿಲ್ಲ. ಹಳೆಯ ಲ್ಯಾಪ್‌ಟಾಪ್ ಕೊಟ್ಟರೆ ಬಿಡುವುದಿಲ್ಲ, ತೆಗೆದರೆ ರಂಪ. ಶಾಲೆಯವರು ಕಂಪ್ಯೂಟರ್ ಕ್ಲಾಸಿಗೆ ಬೇರೆ ಫೀಸ್ ಕೇಳುತ್ತಿದ್ದಾರೆ, ಸೇರಿಸಲೇ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಊಟ ಮಾಡಿಸುವಾಗ ಮಗುವಿನ ಎದುರು ವಿಡಿಯೋ ಹಾಕಿ ರೂಢಿ ಮಾಡಿಸಿದ್ದು ಯಾರು? ಮೊದಲು ಅದನ್ನು ನಿಲ್ಲಿಸಿ. ಕ್ಲಾಸಿನ ಮಾತು ಆಮೇಲೆ.
— ಓದುಗರು, ಕಾವೂರು

ಖಾರವಾಯಿತೇನೋ. ಮುಂದಿನ ಪತ್ರ ದೀರ್ಘವಾದರೂ ಕತ್ತರಿ ಹಾಕಲು ಮನಸ್ಸಾಗಲಿಲ್ಲ.

ಅಮ್ಮಾ, ನಿಮ್ಮ ಪತ್ರ ಓದಿ ಹಳೆಯ ಸಿಟ್ಟೆಲ್ಲ ಮತ್ತೆ ಮೇಲೆ ಬಂತು. ಒಂದು ಕಂಪ್ಯೂಟರಿಗೆ ಐದು ಮಕ್ಕಳು, ಮೌಸ್ ಒಬ್ಬನ ಕೈಯಲ್ಲಿ, ಉಳಿದವರು ಪ್ರೇಕ್ಷಕರು: ಇದಕ್ಕೆ ಫೀಸ್ ಬೇರೆ! ಕಟ್ಟುವ ಮೊದಲು ಒಂದು ಪೀರಿಯಡ್ ಹಿಂದೆ ನಿಂತು ನೋಡಿ. ಮಾನಿಟರ್, ಕೀಬೋರ್ಡ್, ಸಿಪಿಯು ಎಂದು ಬಾಯಿಪಾಠ ಮಾಡಿಸುತ್ತಿದ್ದರೆ ದುಡ್ಡು ಉಳಿಸಿ.

ಮನೆಯಲ್ಲಿ ಟಕ್ಸ್ ಪೇಂಟ್ ಎಂಬ, ಮಕ್ಕಳು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಡಿ. ಉಚಿತ, ಜಾಹೀರಾತಿಲ್ಲ, ಒಮ್ಮೆ ಹಾಕಿದ ಮೇಲೆ ಇಂಟರ್ನೆಟ್ ಬೇಡ, ಸೇವ್ ಮಾಡುವಾಗ ಫೈಲಿಗೆ ಹೆಸರು ಕೇಳುವುದಿಲ್ಲ. ಅದರ ಸೆಟ್ಟಿಂಗ್ಸ್ ಬದಲಿಸುವ ಟಕ್ಸ್ ಪೇಂಟ್ ಕಾನ್ಫಿಗ್ ತೆರೆದು ಫುಲ್‌ಸ್ಕ್ರೀನ್ ಮಾಡಿ, ಪ್ರಿಂಟ್ ಬಂದ್ ಮಾಡಿ. ಪ್ರಿಂಟರ್ ಇದ್ದರೆ ಇಂಕ್ ಉಳಿಯದು. ಟಚ್‌ಪ್ಯಾಡ್ ಬೇಡವೇ ಬೇಡ. ಒತ್ತಿಕೊಂಡೇ ಎಳೆಯಲು ಪುಟ್ಟ ಬೆರಳಿಗೆ ಆಗುವುದಿಲ್ಲ, ಗೆರೆ ನಡುವೆ ತುಂಡಾಗುತ್ತದೆ, ಮಗು ಕಿರುಚುತ್ತದೆ. ಅದಕ್ಕೆ ನಾವು ಹಠ ಅನ್ನುತ್ತೇವೆ! ಅಂಗೈಗೆ ಹಿಡಿಸುವ ಚಿಕ್ಕ ಮೌಸ್ ತನ್ನಿ, ಪಾಯಿಂಟರ್ ವೇಗ ತಗ್ಗಿಸಿ, ಬಾಣ ದೊಡ್ಡದು ಮಾಡಿ, ಎಡ ಬಟನ್ನಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿ. ಕಾಲು ನೇತಾಡಿದರೆ ಮಗು ಜಾರಿ ಜಾರಿ ಕೂರುತ್ತದೆ. ಕೆಳಗೊಂದು ಮಣೆ ಇಡಿ.

ಇನ್ನು ರಂಪ. "ಐದು ನಿಮಿಷ" ಅಂದರೆ ಆ ವಯಸ್ಸಿಗೆ ಏನೂ ಅಲ್ಲ. "ಇನ್ನೆರಡು ಚಿತ್ರ" ಅನ್ನಿ. ಎರಡನೆಯದು ಮುಗಿದಾಗ ಸೇವ್ ಬಟನ್ ಅವನೇ ಒತ್ತಲಿ, ಮುಚ್ಚಳವೂ ಅವನೇ ಮುಚ್ಚಲಿ. ತಕ್ಷಣ ಕೈಗೆ ಬೇರೇನಾದರೂ ಬೇಕು: ಕಲಸಿದ ಹಿಟ್ಟು, ಬಕೆಟಿನ ನೀರು, ಬಿಡಿಸಲು ಹಸಿ ಬಟಾಣಿ. ವಿಡಿಯೋಗೆ ಈ ಉಪಾಯ ನಡೆಯದು, ಅದಕ್ಕೆ ಮುಗಿಯುವ ಜಾಗವೇ ಇಲ್ಲ. ಒಂದು ಮುಗಿದೊಡನೆ ಮುಂದಿನದನ್ನು ತಾನೇ ಶುರು ಮಾಡುವ ಆಟೋಪ್ಲೇ ಬಂದ್ ಮಾಡಿ. ಮತ್ತೆ, ಅವನು ಕೂತಷ್ಟು ಹೊತ್ತೂ ಪಕ್ಕದಲ್ಲಿ ನೀವಿರಬೇಕು. ಅಡುಗೆ ಮುಗಿಸಿಕೊಳ್ಳಲು ಕೊಡುವುದಾದರೆ ಲ್ಯಾಪ್‌ಟಾಪಿಗಿಂತ ಹಳೆಯ ಡಬ್ಬ, ಸೌಟುಗಳೇ ವಾಸಿ.
— ಶಿಶುವಿಹಾರ ಶಿಕ್ಷಕಿ, ಉಡುಪಿ

ಎಷ್ಟು ಹೊತ್ತು ಎಂದೂ ಹಲವರು ಕೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ 3–4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ನಿಮಿಷ ಎಣಿಸುವವರು ದೂರವನ್ನೂ ಅಳೆಯಲಿ. ಮೊಬೈಲ್ ಮೂಗಿನ ಹತ್ತಿರ ಬರುತ್ತದೆ, ಲ್ಯಾಪ್‌ಟಾಪ್ ಒಂದು ಕೈಯಳತೆಯಲ್ಲಿ ನಿಲ್ಲುತ್ತದೆ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆಯ ತೆಂಗಿನಮರ ತೋರಿಸಿ. ಹಗಲ ಬೆಳಕಿನಲ್ಲಿ ಹೆಚ್ಚು ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ. ಮಳೆ ಬಿಟ್ಟ ಕೂಡಲೇ ಅಂಗಳಕ್ಕೆ ಕಳುಹಿಸಿ, ಕಾಲು ಕೆಸರಾದರೆ ತೊಳೆದರಾಯಿತು.
— ಕನ್ನಡಕದ ಅಂಗಡಿಯವರು, ಮಣಿಪಾಲ

ಕ್ಲಾಸಿಗೆ ಸೇರಿಸಿಯೇ ಸೇರಿಸಿ ಎಂದವರು ಇಬ್ಬರು. ಇಬ್ಬರೂ ಕ್ಲಾಸ್ ನಡೆಸುವವರು. ಕೊನೆಯ ಪತ್ರ ಕೇಳಿದ್ದಕ್ಕೆ ಉತ್ತರವಲ್ಲ, ಆದರೂ ಬೇಕಾದದ್ದು.

ಹಳೆಯ ಲ್ಯಾಪ್‌ಟಾಪ್ ಅಂದಿರಲ್ಲ, ಟಚ್‌ಪ್ಯಾಡ್ ಉಬ್ಬಿದೆಯೇ, ಮೇಜಿನ ಮೇಲಿಟ್ಟರೆ ಅಲುಗಾಡುತ್ತದೆಯೇ ನೋಡಿ. ಹೌದಾದರೆ ಒಳಗೆ ಬ್ಯಾಟರಿ ಊದಿರಬಹುದು. ಮಗುವಿಗೆ ಕೊಡಬೇಡಿ, ಚಾರ್ಜಿಗೂ ಹಾಕಬೇಡಿ, ಬಿಚ್ಚಿಸಿ ಬದಲಿಸಿ. ಸಿಡಿಲಿನ ಹೊತ್ತು ಸ್ವಿಚ್ ಆಫ್ ಮಾಡಿದರೆ ಸಾಲದು ಮಾರಾಯ್ರೆ, ಪ್ಲಗ್ಗನ್ನೇ ಕಿತ್ತಿಡಿ.
— ಕಂಪ್ಯೂಟರ್ ರಿಪೇರಿಯವರು, ಮೂಲ್ಕಿ