ಇನುಯಿಟ್ ಸಮುದಾಯಗಳ ಬಗ್ಗೆ ಅಧಿಕಾರಿಗಳಿಗೆ ತರಬೇತಿ: ಎಲ್ಲಿಂದ ಶುರು ಮಾಡಲಿ?

ಸುಮಾ_ಒಟ್ಟಾವಾ
ಎಲ್ಲರಿಗೂ ನಮಸ್ಕಾರ. ನಾನು ಒಟ್ಟಾವಾದಲ್ಲಿ ಕೆನಡಾದ ಫೆಡರಲ್ ಸರ್ಕಾರದ ಕೆಲಸದಲ್ಲಿದ್ದೇನೆ. ನಮ್ಮ ತಂಡಕ್ಕೆ ಹೊಸದಾಗಿ ಬಂದವರಿಗೆ ಇನುಯಿಟ್ (ದೇಶದ ಉತ್ತರದ ಆರ್ಕ್ಟಿಕ್ ಭಾಗದ ಮೂಲನಿವಾಸಿಗಳು) ಸಮುದಾಯಗಳ ಬಗ್ಗೆ ಅರ್ಧ ದಿನದ ತರಬೇತಿ ಸಿದ್ಧ ಮಾಡಬೇಕಿದೆ. ಇವರೆಲ್ಲ ಅನುದಾನದ ಅರ್ಜಿ ನೋಡಿ ಮಂಜೂರು ಮಾಡುವವರು, ಬಹಳಷ್ಟು ಜನ ಉತ್ತರದ ಕಡೆ ಒಮ್ಮೆಯೂ ಹೋದವರಲ್ಲ. ಹಳೆಯ ಸ್ಲೈಡುಗಳಲ್ಲಿ ಇಗ್ಲೂ, ಕಯಾಕ್, ಸೀಲ್ ಬೇಟೆಯ ಚಿತ್ರಗಳೇ ಜಾಸ್ತಿ. ಚಿತ್ರಗಳೇನೋ ಚೆನ್ನಾಗಿವೆ, ಆದರೆ ಅದನ್ನೆಲ್ಲ ನೋಡಿ ಎದ್ದು ಹೋದವರು ಮರುದಿನ ತಮ್ಮ ಫೈಲನ್ನು ಬೇರೆ ಥರ ನೋಡುತ್ತಾರಾ ಅಂತ ನನಗೆ ಅನುಮಾನ. ಯಾವುದನ್ನು ಬಿಡಬಾರದು, ಹೇಳಿ.

ನಾಗರಾಜ್_ಕೆ
ಸುಮಾ ಅವರೇ, ಸರ್ಕಾರ ಅವರ ಜೊತೆ ಮಾಡಿಕೊಂಡ ಭೂಹಕ್ಕಿನ ಒಪ್ಪಂದಗಳಿಂದಲೇ ಶುರು ಮಾಡಿ. ಇನುಯಿಟ್ ನುನಾಂಗಾಟ್, ಅಂದರೆ ಕೆನಡಾದಲ್ಲಿ ಇನುಯಿಟ್ ಜನರ ತಾಯ್ನೆಲ, ನಾಲ್ಕು ಪ್ರದೇಶ, 51 ಊರು. ನುನಾವಿಕ್‌ನವರ ಒಪ್ಪಂದ 1975ರದ್ದು, ಪಶ್ಚಿಮ ಆರ್ಕ್ಟಿಕ್‌ನ ಇನುವಿಯಾಲುಯಿಟ್ ಅವರದ್ದು 1984, ನುನಾವುಟ್‌ದು 1993, ನುನಾಟ್ಸಿಯಾವುಟ್‌ದು 2005. ಇವಕ್ಕೆ ಕೆನಡಾ ಸಂವಿಧಾನದ 35ನೇ ಕಲಮಿನ ರಕ್ಷಣೆ ಇದೆ. ಅಧಿಕಾರಿಗೆ ಇಷ್ಟವಿದ್ದರೆ ಪಾಲಿಸೋದು, ಇಲ್ಲದಿದ್ದರೆ ಬಿಡೋದು ಅನ್ನೋ ಮಾತೇ ಇಲ್ಲ.

ಇನ್ನೊಂದು. ಇನುಯಿಟ್ ಜನಕ್ಕೆ ಇಂಡಿಯನ್ ಆಕ್ಟ್ (ಕೆನಡಾದ ಫಸ್ಟ್ ನೇಷನ್ಸ್ ಮೂಲನಿವಾಸಿಗಳ ಕಾನೂನು) ಅನ್ವಯಿಸಲ್ಲ, ಆ ಕಾನೂನಿನಡಿ ಮೀಸಲಿಟ್ಟ ಜಾಗಗಳಾದ ರಿಸರ್ವ್‌ಗಳೂ ಅವರಿಗೆ ಇಲ್ಲ. ಹಾಗಾಗಿ "ರಿಸರ್ವ್‌ನಲ್ಲಿ ಇರುವವರಿಗೆ" ಅಂತ ಬರೆದಿಟ್ಟ ಯೋಜನೆಯಿಂದ ಅವರು ಸುಮ್ನೆ ಹೊರಗೆ ಉಳಿದುಬಿಡುತ್ತಾರೆ, ಯಾರೂ ಬೇಕು ಅಂತ ಬಿಟ್ಟಿರುವುದಿಲ್ಲ. ನಿಮ್ಮದೇ ಅರ್ಜಿ ನಮೂನೆಯನ್ನು ಪರದೆ ಮೇಲೆ ಹಾಕಿ, ನುನಾವುಟ್‌ನ ಒಂದು ಹಳ್ಳಿಯ ಹೆಸರಲ್ಲಿ ಅದನ್ನು ತುಂಬಿ ನೋಡಿ ಅಂತ ಅವರಿಗೇ ಕೊಡಿ. ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ತಾವೇ ಕಂಡುಕೊಳ್ಳುತ್ತಾರೆ.

ಲತಾ_ಎಚ್
ನಾಗರಾಜ್ ಸರ್ ಹೇಳಿದ್ದು ಸರಿ, ಆದರೆ ನಾನಾಗಿದ್ದರೆ ಹಡಗಿನ ಲೆಕ್ಕವನ್ನೇ ಮೊದಲು ಹೇಳುತ್ತಿದ್ದೆ. ನುನಾವುಟ್‌ನ 25 ಊರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ರಸ್ತೆ ಇಲ್ಲ, ದಕ್ಷಿಣದಿಂದಲೂ ಇಲ್ಲ. ಮನೆ ಕಟ್ಟೋ ಮರ, ಪೈಪು, ಬಾಯ್ಲರ್, ಕಿಟಕಿ ಎಲ್ಲಾ ಬರೋದು ಬೇಸಿಗೆಯಲ್ಲಿ ಮಂಜು ಕರಗಿದ ಕೆಲವೇ ತಿಂಗಳು ಓಡಾಡುವ ಹಡಗಿನಲ್ಲಿ. ಎಷ್ಟೋ ಊರಲ್ಲಿ ಹಡಗು ನಿಲ್ಲಿಸೋ ಧಕ್ಕೆ ಕೂಡ ಇಲ್ಲ, ಹಡಗು ದೂರದಲ್ಲಿ ನಿಲ್ಲುತ್ತದೆ, ಸಾಮಾನನ್ನು ಬಾರ್ಜಿಗೆ ಇಳಿಸಿ, ಉಬ್ಬರ ನೋಡಿಕೊಂಡು ದಡಕ್ಕೆ ತರುತ್ತಾರೆ.

ಈಗ ಸರ್ಕಾರದ ಕ್ಯಾಲೆಂಡರ್ ನೋಡಿ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಅರ್ಜಿ, ಪರಿಶೀಲನೆ, ಸಹಿ ಅಂತ ಎಳೆದು ಆಗಸ್ಟ್ ಕೊನೆಗೆ ಮಂಜೂರಾತಿ ಹೋದರೆ ಆ ವರ್ಷದ ಹಡಗು ತಪ್ಪಿತು ಅಂತಲೇ ಲೆಕ್ಕ. ಮನೆ ಕೆಲಸ ಒಂದು ವರ್ಷ ಹಿಂದಕ್ಕೆ ಹೋಯಿತು. ಮಾರ್ಚ್ ಬಂದಾಗ "ಯಾಕೆ ಖರ್ಚಾಗಿಲ್ಲ" ಅಂತ ಅದೇ ಕಚೇರಿಯಿಂದ ಪತ್ರ! ನುನಾವುಟ್‌ನ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಿಕ್ಕಿರಿದ ಮನೆಗಳಲ್ಲಿದ್ದಾರೆ ಅಂತ 2021ರ ಜನಗಣತಿಯೇ ಹೇಳುತ್ತದೆ. ಅಂಥ ಮನೆಗಳಲ್ಲಿ ಕ್ಷಯ ಬೇಗ ಹರಡುತ್ತದೆ, 2030ರೊಳಗೆ ಅದನ್ನು ತೊಡೆದುಹಾಕುತ್ತೇವೆ ಅಂತ ಮಾತು ಕೊಟ್ಟಿರೋದೂ ಇದೇ ಸರ್ಕಾರ.

ಓದುವ_ಹುಚ್ಚು
ಇತಿಹಾಸವನ್ನು ಮಾತ್ರ ಕೈಬಿಡಬೇಡಿ ಮೇಡಂ. 1940ರ ದಶಕದಿಂದ ಇನುಯಿಟ್ ಜನಕ್ಕೆ ಸರ್ಕಾರ ಒಂದೊಂದು ನಂಬರ್ ಕೊಟ್ಟಿತು. ಕಿರೀಟದ ಗುರುತಿನ ಸಣ್ಣ ಬಿಲ್ಲೆ, ಪೂರ್ವದವರಿಗೆ ಇಂಗ್ಲಿಷಿನ 'ಇ', ಪಶ್ಚಿಮದವರಿಗೆ 'ಡಬ್ಲ್ಯೂ', ಮುಂದೆ ಅಂಕಿ. ಕೊರಳಿಗೆ ಹಾಕಿಕೊಳ್ಳಬಹುದಿತ್ತು, ಸರ್ಕಾರಿ ಕಾಗದಪತ್ರದಲ್ಲಿ ಆ ನಂಬರೇ ಅವರ ಗುರುತು. 1953ರಲ್ಲಿ ಉತ್ತರ ಕ್ವಿಬೆಕ್‌ನ ಇನುಕ್ಜುವಾಕ್ ಊರಿನ ಕುಟುಂಬಗಳನ್ನು ಎತ್ತಿಕೊಂಡು ಹೋಗಿ ಬಹುದೂರ ಉತ್ತರದ ರೆಸಲ್ಯೂಟ್, ಗ್ರೀಸ್ ಫಿಯರ್ಡ್ ಕಡೆ ಬಿಟ್ಟರು, ಕ್ಷಮೆ ಕೇಳಿದ್ದು 2010ರಲ್ಲಿ. ಕ್ಷಯ ರೋಗಿಗಳನ್ನು ಹಡಗಿನಲ್ಲೇ ಪರೀಕ್ಷಿಸಿ, ಎಷ್ಟೋ ಜನಕ್ಕೆ ಮನೆಯವರಿಗೆ ಹೇಳಿ ಬರಲೂ ಬಿಡದೆ ದಕ್ಷಿಣದ ಆಸ್ಪತ್ರೆಗಳಿಗೆ ಸಾಗಿಸಿದರು. ಸತ್ತವರನ್ನು ಎಲ್ಲಿ ಹೂಳಿದ್ದಾರೆ ಅಂತ ಕೆಲವು ಮನೆಗಳಿಗೆ ದಶಕಗಳ ಕಾಲ ಗೊತ್ತಾಗಲೇ ಇಲ್ಲ. ಅದಕ್ಕೆ ಕ್ಷಮೆ 2019ರಲ್ಲಿ. ಆ ಮನೆಗಳ ಮಕ್ಕಳು, ಮೊಮ್ಮಕ್ಕಳೇ ಇವತ್ತು ನಿಮ್ಮ ಅಧಿಕಾರಿಗಳ ಎದುರು ಸಭೆಯಲ್ಲಿ ಕೂರುವವರು. ಅವರು ಸರ್ಕಾರದ ಮಾತನ್ನು ಥಟ್ಟನೆ ನಂಬದಿದ್ದರೆ ಅದಕ್ಕೆ ಕಾರಣ ಇದೆ ಅಲ್ವಾ.

ಸುಮಾ_ಒಟ್ಟಾವಾ
ತುಂಬಾ ಉಪಕಾರ ಆಯಿತು. ನಮೂನೆ ತುಂಬಿಸೋದು, ಹಡಗಿನ ಕ್ಯಾಲೆಂಡರ್ ಎರಡನ್ನೂ ಖಂಡಿತ ಇಡುತ್ತೇನೆ. ಆದರೆ ಇನುಯಿಟ್ ಜನರ ಆದ್ಯತೆ ಏನು ಅಂತ ನಾನು ನಿಂತು ಹೇಳೋದು ಸರಿಯಾ?

ನಾಗರಾಜ್_ಕೆ
ಅದು ಬೇಡ. ಆದ್ಯತೆಗಳನ್ನು ಅವರು ಆಗಲೇ ಬರೆದು ಹೇಳಿದ್ದಾರೆ. 1971ರಿಂದ ಇರುವ, ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಸ್ಥೆಯಾದ ಇನುಯಿಟ್ ತಪಿರೀಟ್ ಕನಾಟಮಿಯ ದಾಖಲೆಗಳನ್ನು ಮುಂಚೆಯೇ ಓದಿಕೊಂಡು ಬರಲು ಹೇಳಿ, ಜೊತೆಗೆ 2022ರ ಇನುಯಿಟ್ ನುನಾಂಗಾಟ್ ನೀತಿಯನ್ನೂ. ಅದನ್ನು ಅವರೂ ಫೆಡರಲ್ ಸರ್ಕಾರವೂ ಕೂತು ಸೇರಿ ಮಾಡಿದ್ದು, ಎಲ್ಲ ಇಲಾಖೆಗಳಿಗೂ ಅನ್ವಯಿಸುತ್ತದೆ. ತರಬೇತಿಯ ಮುಖ್ಯ ಭಾಗ ನಡೆಸಲು ಇನುಯಿಟ್ ಜನರನ್ನೇ ಕರೆಯಿರಿ, ಸಂಭಾವನೆ ಕೊಡಿ, ಏನು ಹೇಳಬೇಕು ಅನ್ನೋದನ್ನೂ ಅವರೇ ತೀರ್ಮಾನಿಸಲಿ. ದಿನ ಗೊತ್ತು ಮಾಡಿಬಿಟ್ಟು ಆಮೇಲೆ ಕರೆಯೋದು ಬೇಡ, ಯಾವ ವಾರ ಆಗುತ್ತೆ ಅಂತ ಮೊದಲು ಅವರನ್ನೇ ಕೇಳಿ. ವಸಂತದಲ್ಲಿ ತುಂಬಾ ಜನ ಬೇಟೆಗೆ, ಮೀನು ಹಿಡಿಯೋಕೆ ಊರ ಹೊರಗೆ ಹೋಗಿರುತ್ತಾರೆ.